ಪಂಖಾದ ವಿಮಾನದ ಪರವಾಗಿ

ಹುಬ್ಬಳ್ಳಿಗೆ ಹೊರಟಿದ್ದೆ. ಬೆಂಗಳೂರು ವಿಮಾನ ನಿಲ್ದಾಣದ ಬಸ್ಸು ಸಾಲಾಗಿ ನಿಂತ ದೊಡ್ಡ ಜೆಟ್‌ಗಳನ್ನೆಲ್ಲ ದಾಟಿ, ಮೂಲೆಯಲ್ಲಿದ್ದ ಒಂದು ಎಟಿಆರ್ ವಿಮಾನದ ಬಾಲದ ಬಳಿ ನಮ್ಮನ್ನು ಇಳಿಸಿತು. ನನ್ನ ಮುಂದಿದ್ದ ಹಿರಿಯರೊಬ್ಬರು ಮೆಟ್ಟಿಲು ಹತ್ತುವ ಮೊದಲು ಎಂಜಿನ್ ಕಡೆ ಕತ್ತು ಹೊರಳಿಸಿ ನೋಡಿ, "ಏನ್ರೀ ಇದು, ಪಂಖಾದ ವಿಮಾನ ಕೊಟ್ಟಾರಲ್ಲ! ರೊಕ್ಕ ಮಾತ್ರ ಪೂರಾ ತಗೊಂಡಾರ" ಎಂದರು. ಹಿಂದಿದ್ದವರು ನಕ್ಕರು. ನಾನೂ ನಕ್ಕೆ. ಆಮೇಲೆ ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಆ ಪಂಖಾವನ್ನೇ ನೋಡುತ್ತ ಹೋದಾಗ, ನಕ್ಕದ್ದು ಸರಿಯಾಗಲಿಲ್ಲ ಅನ್ನಿಸಿತು.

ಆ ಹಿರಿಯರ ಮಾತಿನಲ್ಲಿ ನಮ್ಮೆಲ್ಲರ ತಲೆಯೊಳಗಿರುವ ಒಂದು ಲೆಕ್ಕವಿದೆ. ಪ್ರೊಪೆಲ್ಲರ್ ಹಳೆಯದು, ಜೆಟ್ ಹೊಸದು. ಹೊಸದು ಬಂದ ಮೇಲೂ ಹಳೆಯದು ಉಳಿದಿದೆ ಎಂದರೆ ಅದು ಸಣ್ಣ ಊರಿನವರ ಪಾಲಿಗೆ ಉಳಿದದ್ದು. ದೆಹಲಿಗೆ ಹೋಗುವವರಿಗೆ ಜೆಟ್, ಹುಬ್ಬಳ್ಳಿಗೆ ಹೋಗುವವರಿಗೆ ಪಂಖಾ. ನಗರಕ್ಕೆ ಹವಾನಿಯಂತ್ರಿತ ಬಸ್ಸು, ಹಳ್ಳಿಗೆ ಕೆಂಪು ಬಸ್ಸು ಇದ್ದ ಹಾಗೆ. ನಮ್ಮ ಸಮಾಜ ನಡೆಯುವ ರೀತಿ ನೋಡಿದರೆ ಈ ಗುಮಾನಿಗೆ ಕಾರಣ ಇಲ್ಲದೆ ಇಲ್ಲ. ಆದರೆ ಭೌತಶಾಸ್ತ್ರದಲ್ಲಿ ಅದಕ್ಕೆ ಆಧಾರವಿಲ್ಲ. ಗಾಳಿಯನ್ನು ಹಿಂದಕ್ಕೆ ನೂಕಿ ತಾನು ಮುಂದೆ ಹೋಗಲು ಮನುಷ್ಯ ಕಂಡುಕೊಂಡ ಉಪಾಯಗಳಲ್ಲಿ ಪ್ರೊಪೆಲ್ಲರಿನಷ್ಟು ಮಿತವ್ಯಯದ್ದು ಇನ್ನೊಂದಿಲ್ಲ. ನಾವು ಜೆಟ್ ಎಂದು ಹೊಗಳುವ ಎಂಜಿನ್ನುಗಳೇ ಅರವತ್ತು ವರ್ಷಗಳಿಂದ ಪ್ರೊಪೆಲ್ಲರಿನ ಕಡೆಗೆ ಹೆಜ್ಜೆ ಹೆಜ್ಜೆಯಾಗಿ ಹಿಂತಿರುಗುತ್ತಿವೆ. ಇದನ್ನು ಒಪ್ಪಿಸಬೇಕಾದರೆ ಮೊದಲು ಪ್ರೊಪೆಲ್ಲರ್ ಎಂದರೆ ಏನೆಂದು ನೋಡಬೇಕು, ಯಾಕೆಂದರೆ ಅದು ಪಂಖಾ ಎಂಬ ಮಾತೇ ಅರ್ಧ ತಪ್ಪು.

ಹತ್ತೊಂಬತ್ತನೆಯ ಶತಮಾನದವರಿಗೆ ಅದು ತಿರುಪುಮೊಳೆಯಾಗಿತ್ತು. ಮರದೊಳಗೆ ಸ್ಕ್ರೂ ಕೊರೆದುಕೊಂಡು ಹೋಗುವಂತೆ ನೀರಿನೊಳಗೆ, ಗಾಳಿಯೊಳಗೆ ಕೊರೆದುಕೊಂಡು ಹೋಗುವ ಸಾಧನ. ಬ್ರಿಟನ್ನಿನ ಫ್ರಾನ್ಸಿಸ್ ಪೆಟಿಟ್ ಸ್ಮಿತ್ ಎಂಬ ರೈತ 1836ರಲ್ಲಿ ಹಡಗಿನ ಸ್ಕ್ರೂಗೆ ಪೇಟೆಂಟ್ ಪಡೆದಾಗ ಅದು ನಿಜಕ್ಕೂ ಮರದ ದೊಡ್ಡ ತಿರುಪೇ ಆಗಿತ್ತು, ಎರಡು ಪೂರ್ತಿ ಸುತ್ತಿನದು. ಮರುವರ್ಷ ಲಂಡನ್ನಿನ ಕಾಲುವೆಯಲ್ಲಿ ದೋಣಿ ಓಡಿಸುತ್ತಿದ್ದಾಗ ಆ ತಿರುಪು ಏನಕ್ಕೋ ತಾಗಿ ಅರ್ಧ ಮುರಿದು ಹೋಯಿತು. ದೋಣಿ ನಿಲ್ಲಲಿಲ್ಲ, ಮೊದಲಿಗಿಂತ ಜೋರಾಗಿ ಓಡಿತು! ತಿರುಪು ಎಂಬ ಕಲ್ಪನೆಯೇ ಸರಿಯಿಲ್ಲ ಎಂದು ನೀರು ಅಂದೇ ಹೇಳಿತ್ತು. ಮರದಲ್ಲಿ ಸ್ಕ್ರೂ ಹೋಗುವುದು ಮರ ಜಾಗ ಬಿಟ್ಟು ಕದಲುವುದಿಲ್ಲವಾದ್ದರಿಂದ. ನೀರು ಕದಲುತ್ತದೆ, ಗಾಳಿ ಇನ್ನೂ ಸುಲಭವಾಗಿ ಕದಲುತ್ತದೆ. ಕದಲುವ ವಸ್ತುವಿನಲ್ಲಿ ಕೊರೆಯಲು ಏನಿದೆ?

ಆದರೂ ತಿರುಪಿನ ಗುಂಗು ಬಿಡಲು ಇನ್ನೂ ಅರವತ್ತೈದು ವರ್ಷ ಬೇಕಾಯಿತು. ಅಮೆರಿಕದ ಡೇಟನ್ ಊರಿನ ಸೈಕಲ್ ಅಂಗಡಿಯ ರೈಟ್ ಸಹೋದರರು 1902ರ ಕೊನೆಯಲ್ಲಿ ಎಂಜಿನ್ ವಿಮಾನದ ಕೆಲಸಕ್ಕೆ ಕೈಹಾಕಿದಾಗ, ಪ್ರೊಪೆಲ್ಲರ್ ಅವರ ಚಿಂತೆಯ ಪಟ್ಟಿಯಲ್ಲೇ ಇರಲಿಲ್ಲ. ಹಡಗಿನ ಎಂಜಿನಿಯರುಗಳ ಪುಸ್ತಕ ತೆರೆದು ಸೂತ್ರ ನಕಲು ಮಾಡಿಕೊಂಡರೆ ಆಯಿತು ಅಂದುಕೊಂಡಿದ್ದರು. ಪುಸ್ತಕಗಳಲ್ಲಿ ಸಿಕ್ಕಿದ್ದು ಅನುಭವದ ಅಂದಾಜುಗಳು ಮಾತ್ರ. ಹಡಗಿನವರಿಗೆ ಅಂದಾಜು ಸಾಕು. ಸರಿಹೋಗದಿದ್ದರೆ ಇನ್ನೊಂದು ಸ್ಕ್ರೂ ಕಟ್ಟಿ ನೋಡಬಹುದು, ಅಷ್ಟರಲ್ಲಿ ಹಡಗು ಮುಳುಗುವುದಿಲ್ಲ. ರೈಟ್‌ಗಳ ಕೈಯಲ್ಲಿದ್ದದ್ದು 12 ಅಶ್ವಶಕ್ತಿಯ ಎಂಜಿನ್. ಇವತ್ತಿನ ಸಾಧಾರಣ ಮೋಟರ್ ಬೈಕಿನಷ್ಟು ಶಕ್ತಿ. ಅದರಲ್ಲಿ ಅರ್ಧ ಪೋಲಾದರೂ ವಿಮಾನ ನೆಲ ಬಿಡುತ್ತಿರಲಿಲ್ಲ.

ಆಗ ಅವರಿಗೆ ಹೊಳೆದದ್ದು ಇಷ್ಟು: ಪ್ರೊಪೆಲ್ಲರ್ ಎಂದರೆ ರೆಕ್ಕೆ. ವಿಮಾನದ ರೆಕ್ಕೆ ನೇರ ಮುಂದೆ ಸಾಗುತ್ತದೆ, ಇದು ಸುರುಳಿಯಾಗಿ ಸಾಗುತ್ತದೆ. ರೆಕ್ಕೆಯ ಬಲ ಮೇಲ್ಮುಖ, ಇದರದ್ದು ಮುಮ್ಮುಖ. ರೆಕ್ಕೆಗಳ ವಿಚಾರ ಅವರಿಗೆ ಚೆನ್ನಾಗಿ ಗೊತ್ತಿತ್ತು. 1901ರಲ್ಲಿ ತಾವೇ ಕಟ್ಟಿದ ಗಾಳಿ ಸುರಂಗದಲ್ಲಿ ಇನ್ನೂರರಷ್ಟು ರೆಕ್ಕೆಯ ಮಾದರಿಗಳನ್ನು ಇಟ್ಟು ಅಳೆದಿದ್ದರು. ಆದರೆ ಒಂದೇ ರೆಕ್ಕೆಯ ಪ್ರತಿ ಅಂಗುಲವೂ ಬೇರೆ ಬೇರೆ ವೇಗದಲ್ಲಿ ಸುತ್ತುವಾಗ, ವಿಮಾನವೂ ಮುಂದೆ ಓಡುವಾಗ, ಗಾಳಿಯೂ ಹಿಂದಕ್ಕೆ ಸರಿಯುವಾಗ ಲೆಕ್ಕವನ್ನು ಎಲ್ಲಿಂದ ಹಿಡಿಯುವುದು? ಅಣ್ಣತಮ್ಮ ತಿಂಗಳುಗಟ್ಟಲೆ ಜಗಳವಾಡಿದರು. ಎಂಥ ಜಗಳ ಎಂದರೆ, ಗಂಟೆಗಟ್ಟಲೆ ವಾದಿಸಿದ ಮೇಲೆ ನೋಡಿದರೆ ಅಣ್ಣ ತಮ್ಮನ ಪಕ್ಷಕ್ಕೆ, ತಮ್ಮ ಅಣ್ಣನ ಪಕ್ಷಕ್ಕೆ ಬಂದು ನಿಂತಿರುತ್ತಿದ್ದರಂತೆ. ಕೊನೆಗೆ ಸ್ಪ್ರೂಸ್ ಮರದ ಹಲಗೆಗಳನ್ನು ಅಂಟಿಸಿ, ಕೈಗೊಡಲಿಯಿಂದ ಕೆತ್ತಿ, ಎಂಟೂವರೆ ಅಡಿಯ ಎರಡು ಪ್ರೊಪೆಲ್ಲರ್ ಮಾಡಿದರು. ಎಂಜಿನ್ನಿನಿಂದ ಅವಕ್ಕೆ ಶಕ್ತಿ ಹೋದದ್ದು ಸೈಕಲ್ಲಿನಂಥ ಚೈನಿನ ಮೂಲಕ. ಅದರಲ್ಲಿ ಒಂದು ಚೈನನ್ನು ಎಂಟರ ಆಕಾರದಲ್ಲಿ ಅಡ್ಡ ಹಾಯಿಸಿದ್ದರಿಂದ ಎರಡೂ ಎದುರುಬದುರು ದಿಕ್ಕಿಗೆ ಸುತ್ತುತ್ತಿದ್ದವು.

1903ರ ಡಿಸೆಂಬರ್ 17ರ 12 ಸೆಕೆಂಡ್, 120 ಅಡಿ ಹಾರಾಟ ಎಲ್ಲ ಪಠ್ಯಪುಸ್ತಕಗಳಲ್ಲಿದೆ. ಪಠ್ಯಪುಸ್ತಕಗಳು ಬಿಡುವ ವಿಷಯ ಇದು: ಆ ಪ್ರೊಪೆಲ್ಲರುಗಳ ತದ್ರೂಪು ಮಾಡಿ ಸುಮಾರು ನೂರು ವರ್ಷಗಳ ನಂತರ ಗಾಳಿ ಸುರಂಗದಲ್ಲಿ ಪರೀಕ್ಷಿಸಿದಾಗ ದಕ್ಷತೆ ಶೇ. 75ರಷ್ಟು ಬಂತು. ಅಂದರೆ ಎಂಜಿನ್ ಕೊಟ್ಟ ಶಕ್ತಿಯ ಮುಕ್ಕಾಲು ಪಾಲು ನಿಜವಾಗಿ ವಿಮಾನವನ್ನು ನೂಕಲು ಬಳಕೆಯಾಗುತ್ತಿತ್ತು. ಇಂದು ಕಂಪ್ಯೂಟರಿನಲ್ಲಿ ವಿನ್ಯಾಸಗೊಂಡ, ಇಂಗಾಲದ ನಾರಿನಿಂದ ಮಾಡಿದ ಪ್ರೊಪೆಲ್ಲರುಗಳು ಶೇ. 85ರಿಂದ 90ರ ಆಸುಪಾಸಿನಲ್ಲಿವೆ. ಇಷ್ಟೆಲ್ಲ ವರ್ಷಗಳ ವಿಜ್ಞಾನಕ್ಕೆ ಕೊಡಲಿಯಲ್ಲಿ ಕೆತ್ತಿದ ಮರದ ತುಂಡಿಗಿಂತ ಹತ್ತು ಹದಿನೈದು ಅಂಕ ಮಾತ್ರ ಮೇಲೇರಲು ಆಯಿತು. ಮೊದಲ ಯತ್ನದಲ್ಲೇ ಇಷ್ಟು ಹತ್ತಿರಕ್ಕೆ ಬಂದ ಬೇರೆ ಯಂತ್ರದ ನೆನಪು ನನಗಿಲ್ಲ.

ಮನೆಯ ಫ್ಯಾನಿಗೆ ಕನ್ನಡದಲ್ಲಿ "ಮೂರು ರೆಕ್ಕೆ" ಎನ್ನುತ್ತೇವೆ. ಇಂಗ್ಲಿಷಿನವರಿಗೆ ಅದು ಕತ್ತಿಯ ಅಲಗು. ರೈಟ್ ಸಹೋದರರು ತಿಂಗಳುಗಟ್ಟಲೆ ಜಗಳವಾಡಿ ಕಂಡುಕೊಂಡದ್ದು ನಮ್ಮ ಆಡುಮಾತಿನಲ್ಲಿ ಸುಮ್ಮನೆ ಬಿದ್ದಿದೆ. ನಮ್ಮ ಪೂರ್ವಜರಿಗೆ ಎಲ್ಲ ಗೊತ್ತಿತ್ತು ಎಂದು ಇದಕ್ಕಾಗಿ ಎದೆ ತಟ್ಟಿಕೊಳ್ಳುವುದು ಬೇಡ. ನೋಡಲು ಹಾಗಿತ್ತು, ಹಾಗೆಂದರು, ಅಷ್ಟೆ. ಆದರೂ ಹೆಸರು ಸರಿಯಾಗಿದೆ. ಗೊಂದಲವಾಗದಿರಲಿ ಎಂದು ಈ ಲೇಖನದಲ್ಲಿ ಪ್ರೊಪೆಲ್ಲರಿನದಕ್ಕೆ ಅಲಗು ಎಂದೇ ಬರೆಯುತ್ತೇನೆ. ಓದುವಾಗ ಮನಸ್ಸಿನಲ್ಲಿ ರೆಕ್ಕೆ ಎಂದು ಓದಿಕೊಳ್ಳಿ.

ರೆಕ್ಕೆ ಎಂದ ಮೇಲೆ ಅದಕ್ಕೊಂದು ಓರೆ ಬೇಕು. ಎದುರು ಬರುವ ಗಾಳಿಗೆ ನಾಲ್ಕೈದು ಡಿಗ್ರಿಯಷ್ಟು ಓರೆ ಕೊಟ್ಟರೆ ರೆಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಹದಿನೈದು ದಾಟಿದರೆ ಗಾಳಿ ಅದರ ಬೆನ್ನಿಗೆ ಅಂಟಿಕೊಂಡು ಹರಿಯಲಾರದೆ ಕಿತ್ತುಕೊಂಡು ಸುಳಿಯಾಗುತ್ತದೆ, ಬಲ ಕುಸಿಯುತ್ತದೆ. ಇಲ್ಲಿರುವ ತೊಡಕು, ಪ್ರೊಪೆಲ್ಲರಿನ ಅಲಗಿಗೆ ಎದುರುಗಾಳಿ ಎರಡು ಕಡೆಯಿಂದ ಬರುತ್ತದೆ. ತಾನು ಸುತ್ತುವುದರಿಂದ ಬರುವ ಗಾಳಿ ಒಂದು, ವಿಮಾನ ಮುಂದೆ ಹೋಗುವುದರಿಂದ ಬರುವ ಗಾಳಿ ಇನ್ನೊಂದು. ಎರಡೂ ಕೂಡಿ ಯಾವ ದಿಕ್ಕಿನಿಂದ ಬೀಸುತ್ತದೋ ಅದಕ್ಕೆ ಅಲಗು ಓರೆಯಾಗಿರಬೇಕು.

ಲೆಕ್ಕ ಹಾಕಿಯೇ ನೋಡೋಣ. ಪೈಲಟ್ ತರಬೇತಿಯಲ್ಲಿ ಲೋಕವೆಲ್ಲ ಬಳಸುವ ನಾಲ್ಕು ಸೀಟಿನ ಸೆಸ್ನಾ 172 ವಿಮಾನದ ಪ್ರೊಪೆಲ್ಲರಿನ ಅಡ್ಡಳತೆ 76 ಅಂಗುಲ, ಅಂದರೆ 1.93 ಮೀಟರ್. ನಿಮಿಷಕ್ಕೆ 2,700 ಸುತ್ತು. ಅಲಗಿನ ತುದಿ ಸೆಕೆಂಡಿಗೆ ಸುಮಾರು 273 ಮೀಟರ್ ಓಡುತ್ತದೆ. ವಿಮಾನ ಗಂಟೆಗೆ 200 ಕಿ.ಮೀ. ವೇಗದಲ್ಲಿದೆ ಎನ್ನಿ, ಅಂದರೆ ಸೆಕೆಂಡಿಗೆ 55 ಮೀಟರ್. ತುದಿಗೆ ಗಾಳಿ ಬಹುಮಟ್ಟಿಗೆ ಅಡ್ಡದಿಂದಲೇ ಬರುತ್ತದೆ, ಸುತ್ತುವ ಚಕ್ರದ ಸಮತಲದಿಂದ ಬರೀ 11 ಡಿಗ್ರಿ ಚಿಲ್ಲರೆ ಓರೆ. ಈಗ ಬುಡದ ಕಡೆ ಬನ್ನಿ. ಮೂರನೇ ಒಂದು ಭಾಗದಷ್ಟು ದೂರದಲ್ಲಿ ಅಲಗು ಸುತ್ತುವ ವೇಗ 91 ಮೀಟರ್ ಮಾತ್ರ, ವಿಮಾನದ ವೇಗ ಅದೇ 55. ಅಲ್ಲಿ ಗಾಳಿಯ ಓರೆ 31 ಡಿಗ್ರಿ. ತುದಿಗೆ ಹೊಂದುವ ಕೋನವನ್ನು ಬುಡಕ್ಕೂ ಕೊಟ್ಟರೆ ಬುಡ ವಿಮಾನವನ್ನು ಹಿಂದಕ್ಕೆಳೆಯುತ್ತದೆ. ಬುಡದ ಕೋನವನ್ನು ತುದಿಗೆ ಕೊಟ್ಟರೆ ತುದಿ ಗಾಳಿಯನ್ನು ಸುಮ್ಮನೆ ಕಲಕುತ್ತದೆ. ಹಾಗಾಗಿ ಅಲಗನ್ನು ಬುಡದಿಂದ ತುದಿಗೆ ತಿರುಚುತ್ತ ಹೋಗಬೇಕು, ಬುಡದಲ್ಲಿ ಕಡಿದಾಗಿ, ತುದಿಯಲ್ಲಿ ಚಪ್ಪಟೆಯಾಗಿ.

ಈ ತಿರುಚನ್ನು ನೋಡಲು ವಿಮಾನ ನಿಲ್ದಾಣಕ್ಕೇ ಹೋಗಬೇಕೆಂದಿಲ್ಲ. ಚಿತ್ರದುರ್ಗದ ಗುಡ್ಡಗಳ ಮೇಲೆ, ಗದಗದ ಕಪ್ಪತಗುಡ್ಡದ ಸುತ್ತ ನಿಂತ ಗಾಳಿಯಂತ್ರಗಳ ಅಲಗುಗಳಿಗೂ ಇದೇ ತಿರುಚು ಇದೆ. ಹೆದ್ದಾರಿಯಲ್ಲಿ ಉದ್ದನೆಯ ಟ್ರೇಲರ್ ಮೇಲೆ ಅಂಥ ಒಂದು ಅಲಗು ನಿಧಾನಕ್ಕೆ ಸಾಗುತ್ತಿದ್ದರೆ ಓವರ್‌ಟೇಕ್ ಮಾಡುವ ಆತುರ ಬಿಟ್ಟು ಒಂದು ನಿಮಿಷ ಗಮನಿಸಿ. ಗಾಳಿಯಂತ್ರ ಎಂದರೆ ತಲೆಕೆಳಗಾದ ಪ್ರೊಪೆಲ್ಲರ್. ಪ್ರೊಪೆಲ್ಲರ್ ಗಾಳಿಗೆ ಶಕ್ತಿ ಕೊಡುತ್ತದೆ, ಗಾಳಿಯಂತ್ರ ಗಾಳಿಯಿಂದ ಶಕ್ತಿ ಕೀಳುತ್ತದೆ. ಎರಡರ ಗಣಿತಕ್ಕೂ ಒಂದೇ ಬೇರು. ಅತಿ ಕಡಿಮೆ ನಷ್ಟದ ಪ್ರೊಪೆಲ್ಲರ್ ಹೇಗಿರಬೇಕೆಂದು 1919ರಲ್ಲಿ ತೋರಿಸಿದ ಜರ್ಮನಿಯ ಆಲ್ಬರ್ಟ್ ಬೆಟ್ಜ್, ಬೀಸುವ ಗಾಳಿಯ ಶಕ್ತಿಯಲ್ಲಿ ಶೇ. 59.3ಕ್ಕಿಂತ ಹೆಚ್ಚನ್ನು ಯಾವ ಗಾಳಿಯಂತ್ರವೂ ಹಿಡಿಯಲಾರದು ಎಂಬ ಮಿತಿಗೂ ತನ್ನ ಹೆಸರು ಬಿಟ್ಟುಹೋಗಿದ್ದಾನೆ.

ಇಷ್ಟು ಹೇಗೆ ಎಂಬುದಾಯಿತು. ಮಿತವ್ಯಯದ ಮಾತಿಗೆ ಬರುತ್ತೇನೆ, ನನ್ನ ವಾದದ ಜೀವ ಅಲ್ಲಿದೆ.

ಹಂಪಿಯಲ್ಲಿ ತುಂಗಭದ್ರೆ ದಾಟಲು ಹರಿಗೋಲು ಹತ್ತಿದವರಿಗೆ ಇದು ಗೊತ್ತು. ದಡ ಬಂತೆಂದು ಬಂಡೆಯ ಕಡೆಗೆ ಜಿಗಿದರೆ ಹಗುರವಾದ ಹರಿಗೋಲು ಹಿಂದಕ್ಕೆ ಜಾರುತ್ತದೆ. ನಮ್ಮ ಕಾಲಿನ ಬಲದ ಬಹುಪಾಲು ಹರಿಗೋಲನ್ನು ಓಡಿಸಲು ಖರ್ಚಾಗಿ ನಾವು ನೀರಿಗೆ ಬೀಳುತ್ತೇವೆ. ಭಾರದ ನಾಡದೋಣಿಯಿಂದ ಜಿಗಿದರೆ ದೋಣಿ ಅಲುಗುವುದೇ ಇಲ್ಲ ಎನ್ನಬಹುದು, ಬಲವೆಲ್ಲ ನಮಗೇ ದಕ್ಕುತ್ತದೆ. ಹಿಂದಕ್ಕೆ ನೂಕುವ ವಸ್ತು ಭಾರವಾಗಿದ್ದಷ್ಟೂ ಲಾಭ ನಮ್ಮದು.

ವಿಮಾನಕ್ಕೂ ಇದೇ. ಸೆಕೆಂಡಿಗೆ 100 ಕೆ.ಜಿ. ಗಾಳಿಯನ್ನು 10 ಮೀಟರ್ ವೇಗದಿಂದ ಹಿಂದಕ್ಕೆ ನೂಕಿದರೂ, 10 ಕೆ.ಜಿ. ಗಾಳಿಯನ್ನು 100 ಮೀಟರ್ ವೇಗದಿಂದ ನೂಕಿದರೂ ಸಿಗುವ ನೂಕುಬಲ ಒಂದೇ, 1,000 ನ್ಯೂಟನ್. ಆದರೆ ಮೊದಲನೆಯದರಲ್ಲಿ ಗಾಳಿಯ ಜತೆ ಹಿಂದೆ ಹರಿದುಹೋಗುವ ಶಕ್ತಿ 5 ಕಿಲೋವಾಟ್, ಎರಡನೆಯದರಲ್ಲಿ 50. ಬಲ ಒಂದೇ, ದಂಡ ಹತ್ತು ಪಟ್ಟು. ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂದು ಹೈಸ್ಕೂಲಿನಲ್ಲಿ ಉರು ಹೊಡೆದ ಸೂತ್ರದ ಬೆಲೆ ಇಲ್ಲಿ ಕಾಣುತ್ತದೆ. ಹುಬ್ಬಳ್ಳಿಯ ಎಟಿಆರ್‌ಗೆ ಬರೋಣ. ಅದರ ಆರು ಅಲಗಿನ ಪ್ರೊಪೆಲ್ಲರಿನ ಅಡ್ಡಳತೆ 3.93 ಮೀಟರ್. ಗಂಟೆಗೆ 500 ಕಿ.ಮೀ. ವೇಗದಲ್ಲಿ, ಗಾಳಿ ತೆಳುವಾಗಿರುವ ಎತ್ತರದಲ್ಲೂ, ಆ ಚಕ್ರದ ಮೂಲಕ ಪ್ರತಿ ಸೆಕೆಂಡಿಗೆ ಒಂದು ಟನ್ನಿಗೂ ಮೀರಿದ ಗಾಳಿ ಹಾದುಹೋಗುತ್ತದೆ. ಅಷ್ಟು ಗಾಳಿಯನ್ನು ಸ್ವಲ್ಪವೇ ನೂಕಿದರೂ ಸಾಕು. ಹಿಂದೆ ಕಡಿಮೆ ಕೋಲಾಹಲ ಬಿಟ್ಟುಹೋಗುವುದೇ ಪ್ರೊಪೆಲ್ಲರಿನ ಗುಟ್ಟು.

ಮೊದಮೊದಲ ಜೆಟ್‌ಗಳದ್ದು ಇದಕ್ಕೆ ತದ್ವಿರುದ್ಧ ದಾರಿ. ಸಣ್ಣ ಕೊಳವೆಯಿಂದ ಸ್ವಲ್ಪ ಗಾಳಿಯನ್ನು ಬೆಂಕಿಯಂತೆ ಕಾಯಿಸಿ ಭಯಂಕರ ವೇಗದಲ್ಲಿ ಉಗುಳುವುದು. ಸದ್ದು, ಹೊಗೆ, ಎಣ್ಣೆಯ ಖರ್ಚು ಮೂರೂ ವಿಪರೀತ. ಎಂಜಿನಿಯರುಗಳು ಬೇಗ ಎಚ್ಚೆತ್ತರು. ಎಂಜಿನ್ನಿನ ಮುಂದೆ ಫ್ಯಾನ್ ಕೂರಿಸಿ, ಒಂದಿಷ್ಟು ಗಾಳಿಯನ್ನು ಬೆಂಕಿಗೆ ಕಳಿಸದೆ ಸುತ್ತಲಿಂದ ಹಾಯಿಸಿ ಹಾಗೇ ಹಿಂದಕ್ಕೆ ನೂಕತೊಡಗಿದರು. 1960ರ ಸುಮಾರಿನ ಎಂಜಿನ್ನುಗಳಲ್ಲಿ ಹೊರಗಿನಿಂದ ಹಾಯುವ ಗಾಳಿ ಒಳಗಿನದರ ಒಂದೂವರೆ ಪಟ್ಟೂ ಇರಲಿಲ್ಲ. ಈಗ ಏರ್‌ಬಸ್ ಎ320 ನಿಯೋದ ಲೀಪ್ ಎಂಜಿನ್ನಿನಲ್ಲಿ ಅದು ಹನ್ನೊಂದು ಪಟ್ಟು. ನೂಕುಬಲದ ಬಹುಭಾಗ ಬರುವುದು ಆ ಮುಂದಿನ ಫ್ಯಾನಿನಿಂದ. ಹಾಗಾದರೆ ಅದು ಏನು? ಹದಿನೆಂಟು ಅಲಗಿನ, ಸುತ್ತ ಡಬ್ಬಿ ಹಾಕಿದ ಪ್ರೊಪೆಲ್ಲರ್. ಪಂಖಾ ಕಾಣದ ವಿಮಾನದಲ್ಲಿ ಕೂತು ಹೆಮ್ಮೆ ಪಡುವವರೂ ಪಂಖಾದ ಮೇಲೇ ಹೋಗುತ್ತಿದ್ದಾರೆ, ಅದಕ್ಕೊಂದು ಮುಸುಕಿದೆ ಅಷ್ಟೆ.

ಹಾಗಿದ್ದರೆ ಮುಸುಕು ಯಾಕೆ? ಎಲ್ಲ ವಿಮಾನಕ್ಕೂ ಬಯಲು ಪ್ರೊಪೆಲ್ಲರನ್ನೇ ಹಾಕಬಹುದಲ್ಲ ಎಂದು ಕೇಳಿದರೆ, ಅದಕ್ಕೊಂದು ನ್ಯಾಯವಾದ ಉತ್ತರವಿದೆ. ಸೆಸ್ನಾದ ಅಲಗಿನ ತುದಿ 273 ಮೀಟರ್ ವೇಗದಲ್ಲಿ ಸುತ್ತುತ್ತದೆ ಎಂದೆ. ಶಬ್ದದ ವೇಗ ನೆಲಮಟ್ಟದಲ್ಲಿ 340 ಮೀಟರ್. ಅಂತರ ಹೆಚ್ಚಿಲ್ಲ. ವಿಮಾನದ ಮುನ್ನಡೆಯ ವೇಗ ಏರಿದಂತೆ ಅದೂ ಈ ಸುತ್ತುವೇಗಕ್ಕೆ ಕೂಡಿಕೊಳ್ಳುತ್ತದೆ. ತುದಿ ಶಬ್ದದ ವೇಗ ಮುಟ್ಟಿತೆಂದರೆ ಆಘಾತದ ಅಲೆಗಳೇಳುತ್ತವೆ, ದಕ್ಷತೆ ಬೀಳುತ್ತದೆ, ಸದ್ದು ತಡೆಯಲಾಗದಷ್ಟಾಗುತ್ತದೆ. ಅದನ್ನೂ ಒಂದು ಕೈ ನೋಡೋಣ ಎಂದು ಅಮೆರಿಕದವರು 1955ರಲ್ಲಿ ಎಕ್ಸ್‌ಎಫ್-84ಎಚ್ ಎಂಬ ವಿಮಾನ ಹಾರಿಸಿದರು. ಅದರ ಅಲಗಿನ ತುದಿ ನಿಂತಲ್ಲೇ ಶಬ್ದಾತೀತ ವೇಗದಲ್ಲಿ ಸುತ್ತುತ್ತಿತ್ತು. ಹತ್ತಿರ ನಿಂತ ಕೆಲಸಗಾರರಿಗೆ ತಲೆಸುತ್ತು, ವಾಕರಿಕೆ. ಸದ್ದು ಮೈಲುಗಟ್ಟಲೆ ದೂರಕ್ಕೆ. ಒಟ್ಟು ಹನ್ನೆರಡು ಸಲ ಹಾರಿತು, ಹೆಚ್ಚಿನ ಸಲ ತುರ್ತಾಗಿ ಇಳಿಯಿತು, ಕೈಬಿಟ್ಟರು.

ರಷ್ಯನ್ನರು ಬೇರೆ ದಾರಿ ಹಿಡಿದರು. ತುಪೊಲೆವ್ 95ರಲ್ಲಿ 5.6 ಮೀಟರಿನ ದೈತ್ಯ ಪ್ರೊಪೆಲ್ಲರುಗಳನ್ನು ಒಂದರ ಹಿಂದೆ ಒಂದು ಎದುರುಬದುರು ದಿಕ್ಕಿಗೆ ಸುತ್ತುವಂತೆ ಕೂರಿಸಿ, ನಿಮಿಷಕ್ಕೆ 750 ಸುತ್ತಿನಷ್ಟು ನಿಧಾನಕ್ಕೆ ತಿರುಗಿಸಿದರು. ಮುಂದಿನದು ಗಾಳಿಗೆ ಕೊಟ್ಟ ಸುಳಿಯನ್ನು ಹಿಂದಿನದು ಬಿಚ್ಚಿ ಅದರಿಂದಲೂ ಬಲ ಪಡೆಯುತ್ತದೆ. ಆ ವಿಮಾನ ಗಂಟೆಗೆ 800 ಕಿ.ಮೀ. ಮೀರಿ ಹಾರುತ್ತದೆ, ಜೆಟ್ ಪ್ರಯಾಣಿಕ ವಿಮಾನಗಳ ಸರಿಸಮಕ್ಕೆ. ಗದ್ದಲ ಮಾತ್ರ ಕೇಳಬೇಡಿ. ಅದರ ಸೋದರ ತುಪೊಲೆವ್ 142 ನಮ್ಮ ನೌಕಾಪಡೆಯಲ್ಲಿ 1988ರಿಂದ 2017ರವರೆಗೆ ಸಮುದ್ರ ಕಾದಿತು. ವಿಶಾಖಪಟ್ಟಣದ ಕಡಲತೀರದಲ್ಲಿ ಅಂಥದ್ದೊಂದು ಈಗ ವಸ್ತುಸಂಗ್ರಹಾಲಯವಾಗಿ ನಿಂತಿದೆ. ನಾಲ್ಕು ಎಂಜಿನ್, ಎಂಟು ಪ್ರೊಪೆಲ್ಲರ್, ಮೂವತ್ತೆರಡು ಅಲಗು ಎಣಿಸಬಹುದು. ಪ್ರೊಪೆಲ್ಲರಿಗೆ ವೇಗ ಬಾರದು ಎನ್ನುವವರನ್ನು ಅಲ್ಲಿಗೆ ಕರೆದೊಯ್ಯಬೇಕು. ಆದರೂ ಪ್ರಾಮಾಣಿಕವಾಗಿ ಹೇಳುವುದಾದರೆ ಅದು ಯುದ್ಧಕ್ಕೆ ಸರಿ. ಅಷ್ಟು ಸದ್ದಿನಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಯಾರೂ ದೆಹಲಿಗೆ ಹೋಗಲಾರರು.

ಪ್ರೊಪೆಲ್ಲರಿನ ಇತಿಹಾಸದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಘಟ್ಟ ಇನ್ನೊಂದಿದೆ, ಅಲಗು ತನ್ನ ಕೋನ ಬದಲಿಸಲು ಕಲಿತದ್ದು. ಮೇಲೆ ಹಾಕಿದ ಲೆಕ್ಕವೆಲ್ಲ ಒಂದೇ ವೇಗಕ್ಕೆ ಸರಿ. ವಿಮಾನ ರನ್‌ವೇ ಮೇಲೆ ನಿಂತಾಗ ಮುಂದಿನಿಂದ ಗಾಳಿಯೇ ಇಲ್ಲ. ಹಾರಾಟಕ್ಕೆಂದು ಕೊಟ್ಟ ಕೋನ ಆಗ ಅತಿಯಾಗಿ ಅಲಗು ಗಾಳಿಯಲ್ಲಿ ಒದ್ದಾಡುತ್ತದೆ. ಚಾರ್ಮಾಡಿ ಘಾಟಿಯನ್ನು ಟಾಪ್ ಗೇರಿನಲ್ಲೇ ಹತ್ತಲು ಹೊರಟ ಲಾರಿಯ ಪಾಡು ಅದು. 1933ರಲ್ಲಿ ಬಂದ ಬೋಯಿಂಗ್ 247 ರಾಕಿ ಪರ್ವತದ ಎತ್ತರದ ನಿಲ್ದಾಣಗಳಿಂದ ಏರಲು ಹೀಗೆಯೇ ಏದುಸಿರು ಬಿಟ್ಟಿತು. ಫ್ರಾಂಕ್ ಕಾಲ್ಡ್‌ವೆಲ್ ಎಂಬ ಎಂಜಿನಿಯರ್ ಹಾರುವಾಗಲೇ ಅಲಗಿನ ಕೋನ ಬದಲಾಯಿಸುವ ಗುಂಬ ಮಾಡಿಕೊಟ್ಟ ಮೇಲೆ ಅದೇ ವಿಮಾನ, ಅದೇ ಎಂಜಿನ್, ಸರಾಗವಾಗಿ ಏರಿತು. ಆ ವರ್ಷದ ಕೋಲಿಯರ್ ಟ್ರೋಫಿ, ಅಮೆರಿಕದ ವಾಯುಯಾನದ ದೊಡ್ಡ ಗೌರವ, ಈ ಗೇರಿಗೆ ಬಂತು. 1940ರ ಬೇಸಿಗೆಯಲ್ಲಿ ಜರ್ಮನ್ ವಿಮಾನಗಳು ಬ್ರಿಟನ್ ಮೇಲೆ ಬೀಳುವ ಹೊತ್ತಿಗೆ, ಎಂಜಿನಿಯರುಗಳು ವಾಯುನೆಲೆಯಿಂದ ವಾಯುನೆಲೆಗೆ ಓಡಾಡಿ ಸಾವಿರಕ್ಕೂ ಹೆಚ್ಚು ಸ್ಪಿಟ್‌ಫೈರ್, ಹರಿಕೇನ್ ವಿಮಾನಗಳಿಗೆ ತನ್ನಷ್ಟಕ್ಕೆ ಕೋನ ಹೊಂದಿಸಿಕೊಳ್ಳುವ ಪ್ರೊಪೆಲ್ಲರ್ ವ್ಯವಸ್ಥೆ ಜೋಡಿಸಿದರು. ಆ ಯುದ್ಧದ ಕತೆಗಳಲ್ಲಿ ಪೈಲಟ್‌ಗಳಿದ್ದಾರೆ, ರಾಡಾರ್ ಇದೆ. ಸ್ಪ್ಯಾನರ್ ಹಿಡಿದ ಇವರ ಸುದ್ದಿ ಅಷ್ಟಾಗಿ ಬರುವುದಿಲ್ಲ.

ಎಂಜಿನ್ ಕೆಟ್ಟರೆ ಅಲಗನ್ನು ಗಾಳಿಗೆ ಅಂಚು ಕೊಟ್ಟು ನಿಲ್ಲಿಸುವುದಕ್ಕೆ ಫೆದರ್ ಮಾಡುವುದು ಎನ್ನುತ್ತಾರೆ. ಬಿರುಗಾಳಿಯಲ್ಲಿ ಮೊರವನ್ನು ಅಡ್ಡ ಹಿಡಿದರೆ ಕೈ ಕಿತ್ತುಹೋಗುತ್ತದೆ, ಅಂಚು ತಿರುಗಿಸಿ ಹಿಡಿದರೆ ಗಾಳಿ ಪಕ್ಕದಿಂದ ಹೋಗುತ್ತದೆ. ಅದೇ ಉಪಾಯ. ಜೀವ ಉಳಿಸುವ ಈ ಕೋನ ಜೀವ ತೆಗೆದದ್ದೂ ಇದೆ. 2023ರ ಜನವರಿ 15ರಂದು ನೇಪಾಳದ ಪೋಖರಾದಲ್ಲಿ ಇಳಿಯಲಿದ್ದ ಎಟಿಆರ್ 72 ಕಮರಿಗೆ ಬಿದ್ದು ಅದರಲ್ಲಿದ್ದ 72 ಜನರೂ ಸತ್ತರು, ಐವರು ಭಾರತೀಯರೂ ಸೇರಿ. ತನಿಖೆಯಲ್ಲಿ ತಿಳಿದದ್ದು: ರೆಕ್ಕೆಯ ಹಿಂದಿನ ಫ್ಲಾಪ್ ಪಟ್ಟಿಗಳನ್ನು ಇಳಿಸುವ ಸನ್ನೆಯ ಬದಲು ಪಕ್ಕದಲ್ಲಿದ್ದ, ಪ್ರೊಪೆಲ್ಲರುಗಳ ಸನ್ನೆಗಳನ್ನು ಎಳೆಯಲಾಗಿತ್ತು. ಎರಡೂ ಪ್ರೊಪೆಲ್ಲರ್ ಫೆದರ್ ಆದವು. ಎಂಜಿನ್ನುಗಳು ಓಡುತ್ತಲೇ ಇದ್ದವು, ನೂಕುಬಲ ಸೊನ್ನೆ. ಅಲಗಿನ ಕೋನ ಹೋದರೆ ಎಂಜಿನ್ ಇದ್ದೂ ಇಲ್ಲದಂತೆ ಎಂಬುದಕ್ಕೆ ಇದಕ್ಕಿಂತ ಕ್ರೂರವಾದ ಪುರಾವೆ ಬೇಡ. ಇದನ್ನು ಪ್ರೊಪೆಲ್ಲರಿನ ವಿರುದ್ಧದ ಸಾಕ್ಷ್ಯವೆಂದು ಯಾರಾದರೂ ಎತ್ತಿದರೆ ನಾನು ಒಪ್ಪುವುದಿಲ್ಲ. ಎರಡು ಸನ್ನೆಗಳನ್ನು ಅಕ್ಕಪಕ್ಕ ಇಟ್ಟ, ಕೈಯಾಡಿಸಿದ್ದನ್ನು ಕಣ್ಣಿನಿಂದ ಖಚಿತಪಡಿಸಿಕೊಳ್ಳದ ಸಂಗತಿ ಅದು. ಆದರೆ ಪ್ರೊಪೆಲ್ಲರ್ ಸರಳ ಯಂತ್ರ ಎಂಬ ಭ್ರಮೆಯನ್ನು ಅದು ಖಂಡಿತ ಒಡೆಯುತ್ತದೆ.

ಎದುರುವಾದಗಳಲ್ಲಿ ಕೆಲವು ಗಟ್ಟಿಯಾಗಿವೆ. ಎಟಿಆರ್ 25,000 ಅಡಿಗಿಂತ ಮೇಲೆ ಹೋಗದು. ಮುಂಗಾರಿನ ಮೋಡಗಳ ಮೇಲೆ ಜೆಟ್ ನೆಮ್ಮದಿಯಾಗಿ ಹೋಗುವಾಗ ಇದು ಒಳಗೆ ಸಿಕ್ಕಿ ಕುಲುಕುತ್ತದೆ. ಪ್ರೊಪೆಲ್ಲರಿನ ಸಮಕ್ಕೆ ಬರುವ ಸೀಟುಗಳಲ್ಲಿ ಗುಂಯ್‌ಗುಡುವಿಕೆ ತಲೆಯೊಳಗೇ ಇಳಿಯುತ್ತದೆ. ಒಪ್ಪಿದೆ. ವೇಗದ ದೂರು ಮಾತ್ರ ಲೆಕ್ಕಕ್ಕೆ ನಿಲ್ಲುವುದಿಲ್ಲ. 400 ಕಿ.ಮೀ. ದಾರಿಯನ್ನು 500ರ ವೇಗದಲ್ಲಿ ಹೋದರೆ 48 ನಿಮಿಷ, 800ರ ವೇಗದಲ್ಲಿ ಹೋದರೆ 30. ಅಂತರ 18 ನಿಮಿಷ. ಅದೂ ಕಾಗದದ ಮೇಲೆ. ಅಷ್ಟು ಹತ್ತಿರದ ಹಾರಾಟದಲ್ಲಿ ಜೆಟ್ ತನ್ನ ಎತ್ತರ, ತನ್ನ ವೇಗ ಮುಟ್ಟುವ ಹೊತ್ತಿಗೆ ಇಳಿಯಲು ಶುರು ಮಾಡಬೇಕಾಗುತ್ತದೆ. ಹೆಬ್ಬಾಳದ ಮೇಲ್ಸೇತುವೆಯಲ್ಲಿ ನಾವು ಕಳೆಯುವ ಸಮಯ ಅದಕ್ಕಿಂತ ಹೆಚ್ಚು. ಇನ್ನು ಗಿಡ್ಡ ರನ್‌ವೇಗಳ ವಿಚಾರ. ನಿಧಾನ ವೇಗದಲ್ಲಿ ಭಾರಿ ನೂಕುಬಲ ಕೊಡುವುದು, ಇಳಿದ ಕೂಡಲೇ ಅಲಗು ತಿರುಗಿಸಿ ಹಿಮ್ಮುಖ ಬಲದಿಂದ ನಿಲ್ಲಿಸುವುದು ಪ್ರೊಪೆಲ್ಲರಿಗೆ ಸಲೀಸು. ಸಣ್ಣ ಊರುಗಳನ್ನು ವಿಮಾನದಿಂದ ಬೆಸೆಯುವ ಉಡಾನ್ ಯೋಜನೆಯ ಮೊದಲ ವಿಮಾನ 2017ರ ಏಪ್ರಿಲ್ 27ರಂದು ಶಿಮ್ಲಾದ ಗುಡ್ಡದ ನೆತ್ತಿಯಿಂದ ದೆಹಲಿಗೆ ಹಾರಿತು. ಅದು ಎಟಿಆರ್ 42.

ಪ್ರೊಪೆಲ್ಲರ್ ಮೂಲೆಗೆ ಸರಿದದ್ದರಲ್ಲಿ ವಿಜ್ಞಾನದಷ್ಟೇ ಮಾರುಕಟ್ಟೆಯ ಕೈವಾಡವೂ ಇದೆ. 1973ರಲ್ಲಿ ತೈಲದ ಬೆಲೆ ಏರಿದಾಗ ಅಮೆರಿಕದ ನಾಸಾ ಮತ್ತು ಎಂಜಿನ್ ಕಂಪನಿಗಳು ಕುಡಗೋಲಿನಂತೆ ಬಾಗಿದ ಅಲಗುಗಳ ಹೊಸ ಪ್ರೊಪೆಲ್ಲರಿಗೆ ಕೈಹಾಕಿದವು. ಅಲಗನ್ನು ಹಿಂದಕ್ಕೆ ಬಾಗಿಸಿದರೆ ಶಬ್ದದ ವೇಗದ ತೊಂದರೆ ತಡವಾಗಿ ಬರುತ್ತದೆ. 1986ರಲ್ಲಿ ಅದು ಬೋಯಿಂಗ್ 727ರ ಮೇಲೆ ಹಾರಿತು, ಎಣ್ಣೆಯ ಉಳಿತಾಯವನ್ನೂ ತೋರಿಸಿತು. ಅದೇ ವರ್ಷ ತೈಲದ ಬೆಲೆ ಬಿತ್ತು. ಕೊಳ್ಳುವವರಿಲ್ಲದೆ ಯಂತ್ರ ಗೋದಾಮು ಸೇರಿತು. ಮೂವತ್ತೈದು ವರ್ಷ ಬಿಟ್ಟು, 2021ರಲ್ಲಿ, ಜಿಇ ಮತ್ತು ಸಾಫ್ರಾನ್ ಕಂಪನಿಗಳು ಅದೇ ವಿಚಾರವನ್ನು ರೈಸ್ ಎಂಬ ಹೆಸರಿನಲ್ಲಿ ಮತ್ತೆ ಹೊರತೆಗೆದಿವೆ. ಡಬ್ಬಿ ತೆಗೆದ ಬಯಲು ಫ್ಯಾನ್, ಈಗಿನ ಎಂಜಿನ್ನಿಗಿಂತ ಶೇ. 20ಕ್ಕೂ ಹೆಚ್ಚು ಎಣ್ಣೆ ಉಳಿಸುವ ಗುರಿ, 2030ರ ದಶಕದ ನಡುವಿನ ಗಡುವು. ಅದು ಕೈಗೂಡಿದರೆ ಹೊಸ ವಿಮಾನ ನೋಡಿ ಜನ ಮತ್ತೆ "ಪಂಖಾ!" ಎನ್ನುತ್ತಾರೆ.

ಬೆಂಗಳೂರು ಈ ವಿಷಯದಲ್ಲಿ ಬರೀ ಪ್ರೇಕ್ಷಕ ಊರಲ್ಲ. ಎಚ್‌ಎಎಲ್ 1951ರಲ್ಲಿ ಹಾರಿಸಿದ ಎಚ್‌ಟಿ-2, ಎನ್‌ಎಎಲ್ 1993ರಲ್ಲಿ ಹಾರಿಸಿದ ಎರಡು ಸೀಟಿನ ಹಂಸ, ಪ್ರೊಪೆಲ್ಲರುಗಳನ್ನು ಹಿಂದೆ ಹೊತ್ತು 2004ರಲ್ಲಿ ಮೇಲೇರಿದ ಸಾರಸ್, 2016ರ ಎಚ್‌ಟಿಟಿ-40 ಎಲ್ಲ ಇಲ್ಲಿಯವೇ. ಸಾರಸ್‌ನ ಎರಡನೆಯ ಮಾದರಿ 2009ರ ಮಾರ್ಚ್ 6ರಂದು ಬಿಡದಿ ಬಳಿ ಬಿದ್ದು ವಾಯುಪಡೆಯ ಮೂವರು ತೀರಿಕೊಂಡರು. ಹಾರುತ್ತಿರುವಾಗ ಎಂಜಿನ್ ಆರಿಸಿ ಮತ್ತೆ ಹೊತ್ತಿಸುವ ಪರೀಕ್ಷೆಯಲ್ಲಿದ್ದರು. ಇಷ್ಟು ಬೆಲೆ ತೆತ್ತೂ ನಮ್ಮ ಚರ್ಚೆಯೆಲ್ಲ ಯುದ್ಧವಿಮಾನದ ಜೆಟ್ ಎಂಜಿನ್ ಸುತ್ತಲೇ. ಕಾವೇರಿ ಎಂಜಿನ್ ಯಾಕೆ ತಡವಾಯಿತು ಎಂದು ಪುಟಗಟ್ಟಲೆ ಬರೆಯುತ್ತೇವೆ. ಎಚ್‌ಟಿಟಿ-40ರ ಎಂಜಿನ್ ಅಮೆರಿಕದ್ದು, ಹಂಸದ್ದು ಆಸ್ಟ್ರಿಯಾದ್ದು ಎಂಬುದು ಯಾರನ್ನೂ ಚುಚ್ಚುವುದಿಲ್ಲ. ಸಣ್ಣ ಊರುಗಳನ್ನು ಬೆಸೆಯಬೇಕಾದ ದೇಶಕ್ಕೆ ಮೊದಲು ಬೇಕಾದದ್ದು ಒಳ್ಳೆಯ ಪ್ರೊಪೆಲ್ಲರ್, ಅದನ್ನು ತಿರುಗಿಸುವ ಒಳ್ಳೆಯ ಎಂಜಿನ್. ಯುದ್ಧವಿಮಾನದ್ದು ಆಮೇಲಿನ ಮಾತು ಎಂಬುದು ನನ್ನ ಅಭಿಪ್ರಾಯ. ಒಪ್ಪದವರು ಬಹಳ ಮಂದಿ ಇದ್ದಾರೆ, ಗೊತ್ತಿದೆ.

ಹುಬ್ಬಳ್ಳಿಗೋ ಶಿವಮೊಗ್ಗಕ್ಕೋ ಎಟಿಆರ್ ಹತ್ತುವವರಲ್ಲಿ ಒಂದು ಕೋರಿಕೆ. ಸಾಧ್ಯವಾದರೆ ಎಂಜಿನ್ ಕಾಣುವ ಕಿಟಕಿಯ ಸೀಟು ಕೇಳಿ ಪಡೆಯಿರಿ. ನಿಂತ ವಿಮಾನದಲ್ಲಿ ಅಲಗುಗಳು ಫೆದರ್ ಆಗಿರುತ್ತವೆ, ಅಂಚು ಮುಂದಕ್ಕೆ ಚಾಚಿರುತ್ತದೆ. ಬುಡದಿಂದ ತುದಿಗೆ ಕಣ್ಣು ಓಡಿಸಿದರೆ ತಿರುಚು ಕಾಣುತ್ತದೆ. ಎಂಜಿನ್ ಹೊತ್ತಿ ಪ್ರೊಪೆಲ್ಲರ್ ಮೆಲ್ಲಗೆ ಸುತ್ತತೊಡಗಿದ ಸ್ವಲ್ಪ ಹೊತ್ತಿಗೆ ಸದ್ದು ಬದಲಾಗಿ ಜೋರಾಗುತ್ತದೆ. ಅಲಗುಗಳು ಕೋನ ಬದಲಿಸಿ ಗಾಳಿಯನ್ನು ಹಿಡಿದದ್ದು ಆಗಲೇ.